ಇದು ಯಾವುದರ ಫೋಟೋ?

(ಅಮೂರ್ತ ಛಾಯಾಗ್ರಹಣದಲ್ಲಿ ನನ್ನ ಆರು ಪ್ರಯೋಗಗಳು)



ಫೋಟೋ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಏನು ಬರುತ್ತದೆ? ಮದುವೆ ಆಲ್ಬಂ, ನಾಮಕರಣದ ಫೋಟೋ, ಶಾಲೆಯ ಗ್ರೂಪ್ ಫೋಟೋ, ಪಡಸಾಲೆಯಲ್ಲಿ ಹಾರ ಹಾಕಿದ ತಾತನ ಫೋಟೋ. ಇವೆಲ್ಲವನ್ನೂ ನಾವು ನೋಡುವುದು ಒಂದೇ ಪ್ರಶ್ನೆ ಇಟ್ಟುಕೊಂಡು: ‘ಇದು ಯಾರು? ಇದು ಏನು?’ ಉತ್ತರ ಸಿಕ್ಕ ತಕ್ಷಣ ಮುಂದಿನ ಪುಟ ತಿರುಗಿಸುತ್ತೇವೆ. ಆದರೆ ಈ ಪ್ರಶ್ನೆಗೆ ಬೇಗ ಉತ್ತರ ಕೊಡದ ಫೋಟೋಗಳೂ ಇವೆ. ಅವುಗಳಲ್ಲಿ ಕಾಣುವುದು ಬರೀ ಗೆರೆ, ಬೆಳಕು, ನೆರಳು, ಆಕಾರ. ಇಂಥವನ್ನು ‘ಅಮೂರ್ತ ಛಾಯಾಚಿತ್ರ’ ಎನ್ನುತ್ತಾರೆ. ಈ ಹಾಳೆಯ ಪಕ್ಕದಲ್ಲಿ ಅಂಟಿಸಿರುವ ಐದು ಚಿತ್ರಗಳು ಅಂಥವೇ. ಅವನ್ನು ಯಾಕೆ ತೆಗೆದೆ, ಹೇಗೆ ತೆಗೆದೆ, ಯಾರನ್ನು ನೋಡಿ ಕಲಿತೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಕೊನೆಯ ಚಿತ್ರ ತೆಗೆದ ಮೇಲೆ ನನಗೆ ಒಂದು ಕಷ್ಟದ ಪ್ರಶ್ನೆಯೂ ಎದುರಾಯಿತು. ಅದನ್ನೂ ನಿಮ್ಮ ಮುಂದೆ ಇಡುತ್ತೇನೆ.

ಅಮೂರ್ತ ಅಂದ್ರೆ ಏನು?

ಮೂರ್ತ ಅಂದರೆ ರೂಪ ಇರುವಂಥದ್ದು, ಇಂಥದ್ದು ಅಂತ ಗುರುತಿಸಬಹುದಾದದ್ದು. ಅಮೂರ್ತ ಅಂದರೆ ಹಾಗೆ ಗುರುತು ಸಿಗದಿರುವುದು. ಇದು ನಮಗೆ ಹೊಸದೇನೂ ಅಲ್ಲ. ಬೆಳಿಗ್ಗೆ ಬಾಗಿಲ ಮುಂದೆ ಹಾಕುವ ಚುಕ್ಕಿ ರಂಗೋಲಿಯನ್ನೇ ತಗೊಳ್ಳಿ. ಚುಕ್ಕಿಗಳ ಸುತ್ತ ಗೆರೆ ಸುತ್ತಿಕೊಂಡು ಹೋಗುತ್ತದೆ. ಅದು ಹೂವೂ ಅಲ್ಲ, ಹಕ್ಕಿಯೂ ಅಲ್ಲ. ಆದರೂ ‘ಇದು ಯಾವುದರ ಚಿತ್ರ?’ ಅಂತ ಯಾರೂ ಅಜ್ಜಿಯನ್ನು ಕೇಳುವುದಿಲ್ಲ. ಚೆನ್ನಾಗಿದೆ ಅನ್ನುತ್ತೇವೆ, ಇಲ್ಲವೇ ಗೆರೆ ಸೊಟ್ಟ ಆಯ್ತು ಅನ್ನುತ್ತೇವೆ. ಸೀರೆಯ ಅಂಚು, ಚಾಪೆಯ ಹೆಣಿಗೆ ಕೂಡ ಹಾಗೆಯೇ.

ರಂಗೋಲಿಗೂ ಫೋಟೋಗೂ ಒಂದು ವ್ಯತ್ಯಾಸ ಇದೆ. ರಂಗೋಲಿಯನ್ನು ಮನಸ್ಸಿನಿಂದ ಬಿಡಿಸಬಹುದು. ಕ್ಯಾಮೆರಾಕ್ಕೆ ಎದುರಿಗೆ ಏನಾದರೂ ಇರಲೇಬೇಕು. ಹಾಗಾಗಿ ಅಮೂರ್ತ ಫೋಟೋ ತೆಗೆಯುವವರು ಇರುವ ವಸ್ತುವನ್ನೇ ಅದರ ಹೆಸರು ಹಿಂದೆ ಸರಿಯುವ ಹಾಗೆ ತೋರಿಸಬೇಕು. ತುಂಬಾ ಹತ್ತಿರ ಹೋಗುವುದು, ಓರೆಯಾಗಿ ಹಿಡಿಯುವುದು, ವಸ್ತುವನ್ನು ಬಿಟ್ಟು ನೆರಳನ್ನು ತೆಗೆಯುವುದು, ಕನ್ನಡಿ ಬಳಸುವುದು, ಹೀಗೆ ಹಲವು ದಾರಿಗಳಿವೆ. ನಮ್ಮ ಚಿತ್ರಕಲಾ ಮೇಷ್ಟ್ರು ಶಾಲೆಯ ಕಂಪ್ಯೂಟರಿನಲ್ಲಿ ಹಲವು ಕಲಾವಿದರ ಚಿತ್ರಗಳನ್ನು ತೋರಿಸಿದ್ದರು. ನಾನು ಒಂದು ನಿಯಮ ಮಾಡಿಕೊಂಡೆ: ಒಂದು ಸಲಕ್ಕೆ ಒಬ್ಬರೇ ಕಲಾವಿದರು, ಅವರ ಒಂದೇ ಉಪಾಯ, ನಮ್ಮ ಊರಿನ ವಸ್ತು. ಕ್ಯಾಮೆರಾ ಅಂದರೆ ನಮ್ಮ ಅಣ್ಣನ ಮೊಬೈಲು, ಅದೂ ಭಾನುವಾರ ಮಾತ್ರ.

ಪ್ರಯೋಗ 1: ನೆರಳು

ಪಾಲ್ ಸ್ಟ್ರ್ಯಾಂಡ್ ಅಮೆರಿಕದ ಛಾಯಾಗ್ರಾಹಕ. 1916ರ ಬೇಸಿಗೆಯಲ್ಲಿ ಆತ ಕನೆಕ್ಟಿಕಟ್ ರಾಜ್ಯದ ಟ್ವಿನ್ ಲೇಕ್ಸ್ ಎಂಬಲ್ಲಿ ಉಳಿದುಕೊಂಡಿದ್ದಾಗ, ಮನೆಯ ಜಗಲಿಯ ಕಟಕಟೆಯ ನೆರಳು ಒಂದು ಮೇಜಿನ ಮೇಲೆ ಬೀಳುವುದನ್ನು ಫೋಟೋ ತೆಗೆದ. ಮೇಜನ್ನೂ ವಾಲಿಸಿ ಇಟ್ಟಿದ್ದ. ಅಡುಗೆಮನೆಯ ಬಟ್ಟಲುಗಳನ್ನು ಹತ್ತಿರದಿಂದ ತೆಗೆದದ್ದೂ ಆಗಲೇ. ದೊಡ್ಡ ಸ್ಟುಡಿಯೋ ಇಲ್ಲ, ದುಬಾರಿ ಸಾಮಾನಿಲ್ಲ. ಬಟ್ಟಲು, ಮೇಜು, ಬಿಸಿಲು, ಅಷ್ಟೆ. ಇದನ್ನು ಓದಿ ನನಗೆ ಧೈರ್ಯ ಬಂತು.

ನಮ್ಮ ಮನೆಯ ಪಡಸಾಲೆ ಕಿಟಕಿಗೆ ಕಬ್ಬಿಣದ ಕಂಬಿಗಳಿವೆ. ಸಂಜೆ ನಾಲ್ಕೂವರೆಗೆ ಅವುಗಳ ನೆರಳು ಕೆಂಪು ಗಾರೆ ನೆಲದ ಮೇಲೆ ಉದ್ದಕ್ಕೆ ಬೀಳುತ್ತದೆ. ಮೊಬೈಲನ್ನು ನೇರ ಹಿಡಿದು ತೆಗೆದರೆ ‘ಕಿಟಕಿ ನೆರಳು’ ಅಂತ ಎಲ್ಲರಿಗೂ ತಿಳಿಯುತ್ತಿತ್ತು. ಓರೆ ಮಾಡಿ, ನೆಲದ ಅಂಚು ಕಾಣದ ಹಾಗೆ ತೆಗೆದಾಗ ಮೇಲೆ ಯಾವುದು ಕೆಳಗೆ ಯಾವುದು ಅನ್ನೋದೇ ಮರೆತುಹೋಯಿತು. (ಚಿತ್ರ 1)

ಇಲ್ಲಿ ಒಂದು ವಿಜ್ಞಾನವೂ ಇದೆ. ಕಂಬಿಯ ಬುಡದ ಹತ್ತಿರದ ನೆರಳಿಗೆ ಅಂಚು ಚೂಪಾಗಿದೆ, ದೂರದ ನೆರಳಿನ ಅಂಚು ಮಸುಕಾಗಿದೆ. ಸೂರ್ಯ ಒಂದು ಚುಕ್ಕಿಯಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ತಟ್ಟೆಯ ಒಂದು ಅಂಚಿನ ಬೆಳಕು ಒಂದು ಕಡೆ ಬಿದ್ದರೆ ಇನ್ನೊಂದು ಅಂಚಿನದು ಸ್ವಲ್ಪ ಪಕ್ಕಕ್ಕೆ ಬೀಳುತ್ತದೆ. ಆದ್ದರಿಂದ ವಸ್ತುವಿನಿಂದ ಒಂದು ಮೀಟರ್ ದೂರದಲ್ಲಿ ಬಿದ್ದ ನೆರಳಿನ ಅಂಚು ಸುಮಾರು ಒಂದು ಸೆಂಟಿಮೀಟರಿನಷ್ಟು ಮಸುಕಾಗುತ್ತದೆ. ಅಳತೆಪಟ್ಟಿ ಇಟ್ಟು ನೀವೂ ನೋಡಬಹುದು.

ಪ್ರಯೋಗ 2: ಮೂರು ಕನ್ನಡಿ

ಆಲ್ವಿನ್ ಲ್ಯಾಂಗ್ಡನ್ ಕೋಬರ್ನ್ ಎಂಬಾತ 1917ರ ಹೊತ್ತಿಗೆ ಲಂಡನ್ನಿನಲ್ಲಿ ಮೂರು ಕನ್ನಡಿಗಳನ್ನು ತ್ರಿಕೋನವಾಗಿ ಜೋಡಿಸಿ, ಅದರ ಮೂಲಕ ಫೋಟೋ ತೆಗೆದ. ಆ ಚಿತ್ರಗಳಿಗೆ ‘ವೋರ್ಟೋಗ್ರಾಫ್’ ಅಂತ ಹೆಸರು. ನಮಗೆ ಈ ಉಪಾಯ ಗೊತ್ತು. ಬಳೆ ಚೂರು ಹಾಕಿ ಕಲೈಡೋಸ್ಕೋಪ್ ಮಾಡಿದವರು ನಮ್ಮ ತರಗತಿಯಲ್ಲೇ ಹತ್ತು ಜನ ಇದ್ದಾರೆ.

ನಾನು ಗಾಜಿನ ಅಂಗಡಿಯಲ್ಲಿ ಒಂದೇ ಅಳತೆಯ ಮೂರು ಕನ್ನಡಿ ಪಟ್ಟಿ ಕತ್ತರಿಸಿಕೊಂಡು ಬಂದು, ಅಂಚಿಗೆಲ್ಲ ಟೇಪು ಸುತ್ತಿ, ಕೊಳವೆ ಮಾಡಿದೆ. ಮೊದಲು ಬಳೆ ಚೂರು ಇಟ್ಟು ತೆಗೆದೆ. ಬಣ್ಣಬಣ್ಣವಾಗಿ ಬಂತು, ಆದರೆ ಜಾತ್ರೆಯಲ್ಲಿ ಕೊಂಡ ಆಟದ ಸಾಮಾನಿನಲ್ಲಿ ಕಂಡ ಹಾಗೇ ಇತ್ತು. ಆಮೇಲೆ ಬಣ್ಣವೇ ಇಲ್ಲದ ವಸ್ತು ಹುಡುಕಿದೆ: ಕಡ್ಡಿ ಪೊರಕೆಯ ಎರಡು ಕಡ್ಡಿ, ಒಂದು ತುಂಡು ಸೀಮೆಸುಣ್ಣ. ಕಡ್ಡಿಗಳು ಕನ್ನಡಿಯಲ್ಲಿ ಮಡಚಿ ಮಡಚಿ ದೊಡ್ಡ ಚಾವಣಿಯ ತೊಲೆಗಳ ಹಾಗೆ ಕಂಡವು. (ಚಿತ್ರ 2) ಬಣ್ಣ ಕಡಿಮೆಯಾದಷ್ಟೂ ಗೆರೆಗೆ ಬಲ ಬರುತ್ತದೆ ಅಂತ ಇದರಿಂದ ಗೊತ್ತಾಯಿತು. ಅದಕ್ಕೇ ನಾನು ಎಲ್ಲ ಚಿತ್ರಗಳನ್ನೂ ಕಪ್ಪು ಬಿಳುಪಿನಲ್ಲೇ ಪ್ರಿಂಟ್ ತೆಗೆಸಿದ್ದು. ಖರ್ಚೂ ಕಡಿಮೆ!

ಪ್ರಯೋಗ 3: ಕ್ಯಾಮೆರಾನೇ ಇಲ್ಲದ ಫೋಟೋ

ಫೋಟೋಗೆ ಕ್ಯಾಮೆರಾ ಬೇಕೇ ಬೇಕು ಅಂತೇನಿಲ್ಲ. ಬೆಳಕಿಗೆ ಬಣ್ಣ ಬದಲಿಸುವ ಒಂದು ಕಾಗದ ಇದ್ದರೆ ಸಾಕು. ಇಂಗ್ಲೆಂಡಿನ ಆನ್ನಾ ಅಟ್ಕಿನ್ಸ್ ಎಂಬಾಕೆ 1843ರಲ್ಲಿ ನೀರಿನ ಪಾಚಿ ಸಸ್ಯಗಳನ್ನು ಇಂಥ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು, ನೀಲಿ ಬಣ್ಣದ ಚಿತ್ರಗಳ ಪುಸ್ತಕವನ್ನೇ ಮಾಡತೊಡಗಿದಳು. ಆಕೆಯದು ಸಸ್ಯಶಾಸ್ತ್ರದ ಉದ್ದೇಶ. ಸುಮಾರು 80 ವರ್ಷದ ನಂತರ, 1922ರಲ್ಲಿ, ಪ್ಯಾರಿಸ್ಸಿನಲ್ಲಿದ್ದ ಮ್ಯಾನ್ ರೇ ಎಂಬ ಕಲಾವಿದ ಮನೆಯಲ್ಲಿ ಸಿಗುವ ಸಾಮಾನುಗಳನ್ನು ಫೋಟೋ ಕಾಗದದ ಮೇಲಿಟ್ಟು ಬೆಳಕು ಬಿಟ್ಟ. ಅವುಗಳಿಗೆ ತನ್ನ ಹೆಸರೇ ಸೇರಿಸಿ ‘ರೇಯೋಗ್ರಾಫ್’ ಅಂದ. ಜರ್ಮನಿಯ ಬೌಹೌಸ್ ಕಲಾಶಾಲೆಯ ಮೇಷ್ಟ್ರು ಲಾಸ್ಲೋ ಮೊಹೊಲಿ-ನಾಜ್ ಕೂಡ ಇದೇ ಕಾಲದಲ್ಲಿ ಇಂಥವನ್ನು ಮಾಡುತ್ತಿದ್ದರು. ಉಪಾಯ ಒಂದೇ, ಉದ್ದೇಶ ಬೇರೆ ಬೇರೆ.

ಫೋಟೋ ಕಾಗದ ನಮಗೆ ಸಿಗುವುದಿಲ್ಲ. ಆದರೆ ಅರಿಶಿನ ಸಿಗುತ್ತದೆ! ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಅಮ್ಮ ಸೆರಗಿಗೆ ಆದ ಅರಿಶಿನದ ಕಲೆಯನ್ನು ಬಿಸಿಲಿಗೆ ಒಣಹಾಕುವುದು ಅದಕ್ಕೇ. ಸಸ್ಯಗಳ ರಸದಿಂದ ಹೀಗೆ ಚಿತ್ರ ಮೂಡಿಸಬಹುದೆಂದು ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1842ರಲ್ಲೇ ಬರೆದಿದ್ದ. ನಾನು ಮಾಡಿದ ಕ್ರಮ ಹೀಗಿದೆ:

1. ಎರಡು ಚಮಚ ಅರಿಶಿನ ಪುಡಿಯನ್ನು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. (ಸ್ಪಿರಿಟ್ಟಿನ ಹತ್ತಿರ ಬೆಂಕಿ ಇರಬಾರದು. ವಿಜ್ಞಾನದ ಮೇಡಂ ಎದುರಿಗೇ ಮಾಡಿ.)
2. ಡ್ರಾಯಿಂಗ್ ಹಾಳೆಗೆ ಬ್ರಷ್ಷಿನಿಂದ ಎರಡು ಸಲ ಬಳಿದು, ಕತ್ತಲೆ ಕೋಣೆಯಲ್ಲಿ ಒಣಗಿಸಬೇಕು.
3. ಮೇಲೆ ವಸ್ತುಗಳನ್ನಿಟ್ಟು, ಅಲ್ಲಾಡದ ಹಾಗೆ ಹಳೇ ಫೋಟೋದ ಗಾಜು ಮುಚ್ಚಿ, ಕಡು ಬಿಸಿಲಿನಲ್ಲಿ ಮೂರು ನಾಲ್ಕು ಗಂಟೆ ಇಡಬೇಕು.
4. ವಸ್ತು ತೆಗೆದರೆ ಅದು ಇದ್ದ ಜಾಗ ಹಳದಿ, ಉಳಿದದ್ದು ಮಾಸಲು.
5. ಸುಣ್ಣದ ತಿಳಿನೀರನ್ನು ಬ್ರಷ್ಷಿನಿಂದ ಸವರಿದರೆ ಹಳದಿ ಇದ್ದ ಕಡೆ ಕೆಂಪಾಗುತ್ತದೆ.

ಐದನೆಯದು ನಮಗೆಲ್ಲ ಗೊತ್ತಿರುವುದೇ. ಆರತಿಗೆ ಅರಿಶಿನ ಸುಣ್ಣ ಕಲಸಿ ಕೆಂಪು ನೀರು ಮಾಡುವುದಿಲ್ಲವೇ? ಆಮ್ಲ, ಪ್ರತ್ಯಾಮ್ಲದ ಪಾಠದಲ್ಲಿ ಬರುವುದೂ ಅದೇ.

ಮೊದಲು ಬೇವಿನ ಎಲೆ ಇಟ್ಟೆ. ಬೇವಿನ ಎಲೆಯೇ ಬಂತು. ಹೆಸರು ಹಿಂದೆ ಸರಿಯಲಿಲ್ಲ. ಆಮೇಲೆ ಬಾಚಣಿಗೆ, ಜರಡಿ, ಒಂದು ಎಳೆ ಹಗ್ಗವನ್ನು ಒಂದರ ಮೇಲೊಂದು ಇಟ್ಟೆ. ಬಾಚಣಿಗೆ ಬೇಲಿಯಾಯಿತು, ಜರಡಿ ಚುಕ್ಕಿಗಳ ರಾಶಿಯಾಯಿತು, ಹಗ್ಗ ದಾರಿಯಂತೆ ನಡುವೆ ಹೊರಟಿತು. ಈ ಚಿತ್ರವನ್ನು ಇಲ್ಲಿ ಅಂಟಿಸಿಲ್ಲ. ಬೆಳಕಿಗಿಟ್ಟರೆ ದಿನದಿನಕ್ಕೂ ಮಾಸುತ್ತದೆ. ನನ್ನ ಪಟ್ಟಿ ಪುಸ್ತಕದೊಳಗೆ ಇದೆ, ಕೇಳಿದರೆ ತೋರಿಸುತ್ತೇನೆ.

ಪ್ರಯೋಗ 4: ಗೋಡೆ

ಆರನ್ ಸಿಸ್ಕಿಂಡ್ (1903–1991) ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವರು. 1930ರ ದಶಕದಲ್ಲಿ ಊರ ಜನರ ಬದುಕನ್ನು ಫೋಟೋ ತೆಗೆಯುತ್ತಿದ್ದ ಅವರು 1940ರ ದಶಕದಲ್ಲಿ ಗೋಡೆಗಳ ಕಡೆ ತಿರುಗಿದರು. ಎದ್ದುಬಂದ ಬಣ್ಣ, ಹರಿದ ಪೋಸ್ಟರು, ಬಿರುಕು, ಇವೇ ಅವರ ಚಿತ್ರಗಳು.

ನಮ್ಮ ಬಸ್ ಸ್ಟ್ಯಾಂಡಿನ ಗೋಡೆ ನೆನಪಿಸಿಕೊಳ್ಳಿ. ಸಿನಿಮಾ ಪೋಸ್ಟರಿನ ಮೇಲೆ ನಾಟಕದ ಪೋಸ್ಟರು, ಅದರ ಮೇಲೆ ಗೊಬ್ಬರದ ಜಾಹೀರಾತು, ಅದನ್ನು ಅರ್ಧ ಮೇಕೆ ತಿಂದಿದೆ. ಮುಖ, ಅಕ್ಷರ ಯಾವುದೂ ಪೂರ್ತಿ ಬರದ ಹಾಗೆ ಒಂದು ಮೊಳದಷ್ಟು ಜಾಗ ಮಾತ್ರ ಆರಿಸಿ ತೆಗೆದೆ. (ಚಿತ್ರ 3) ಒಂದು ಅಕ್ಷರದ ಬಾಲ ಉಳಿದಿದೆ, ಅದು ಯಾವ ಅಕ್ಷರ ಅಂತ ಕಂಡುಹಿಡಿದವರಿಗೆ ಒಂದು ಪೆನ್ಸಿಲ್ ಬಹುಮಾನ!

ಪ್ರಯೋಗ 5: ಮೋಡ

ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1922ರಿಂದ ಮೋಡಗಳ ಫೋಟೋ ತೆಗೆಯಲು ಶುರು ಮಾಡಿದ. 1925ರ ನಂತರ ಅವುಗಳಿಗೆಲ್ಲ ‘ಈಕ್ವಿವಲೆಂಟ್ಸ್’ ಅಂತ ಒಂದೇ ಹೆಸರು ಕೊಟ್ಟ. ಅಂದರೆ ‘ಸಮಾನವಾದವು’. ಯಾವುದಕ್ಕೆ ಸಮಾನ? ಮನಸ್ಸಿನ ಭಾವಕ್ಕೆ. ಬಹಳ ಚಿತ್ರಗಳಲ್ಲಿ ನೆಲವೇ ಇಲ್ಲ, ಮರವಿಲ್ಲ. ಇವರ ಚಿತ್ರಗಳಿಗೂ ನಮ್ಮ ಕಡೆಗೂ ಒಂದು ನಂಟಿದೆ. 1924ರಲ್ಲಿ ಅಮೆರಿಕದ ಬಾಸ್ಟನ್ ಕಲಾ ಸಂಗ್ರಹಾಲಯಕ್ಕೆ ಸ್ಟೀಗ್ಲಿಟ್ಸನ 27 ಚಿತ್ರಗಳು ಸೇರಿದವು. ಅದಕ್ಕೆ ಕಾರಣರಾದವರು ಅಲ್ಲಿ ಭಾರತೀಯ ಕಲಾ ವಿಭಾಗ ನೋಡಿಕೊಳ್ಳುತ್ತಿದ್ದ ಆನಂದ ಕುಮಾರಸ್ವಾಮಿಯವರು. ನಟರಾಜನ ವಿಗ್ರಹದ ಬಗ್ಗೆ ಬರೆದ ಅದೇ ವಿದ್ವಾಂಸರು. ಫೋಟೋ ಕೂಡ ಕಲೆಯೇ ಅಂತ ಆ ಕಾಲದಲ್ಲೇ ಅವರು ಕಂಡುಕೊಂಡಿದ್ದರು.

ನಾನು ಆಷಾಢದಲ್ಲಿ ಮನೆ ಮಾಳಿಗೆ ಹತ್ತಿ ಮೋಡ ತೆಗೆದೆ. ತಂತಿ, ತೆಂಗಿನ ಗರಿ ಸೇರದ ಹಾಗೆ ನೋಡಿಕೊಂಡೆ. (ಚಿತ್ರ 4) ನೋಡಿದವರಲ್ಲಿ ಒಬ್ಬರು ಹತ್ತಿ ಅಂದರು, ಒಬ್ಬರು ನೊರೆ ಅಂದರು. ಅಜ್ಜಿ ಮಾತ್ರ ‘ಇದು ಬರೀ ಓಡೋ ಮೋಡ ಕಣೇ, ಸುರಿಯೋದಲ್ಲ’ ಅಂದರು. ಆಗ ನಾನು ಆ ಮಾತನ್ನು ಅಷ್ಟಾಗಿ ಗಮನಿಸಲಿಲ್ಲ. ಅದರ ಅರ್ಥ ಗೊತ್ತಾದದ್ದು ಮುಂದಿನ ಚಿತ್ರದಲ್ಲಿ.

ಪ್ರಯೋಗ 6: ಗೆರೆಗಳು

ನಸ್ರೀನ್ ಮೊಹಮದಿ ಭಾರತದ ಕಲಾವಿದೆ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, 1972ರಿಂದ ಬರೋಡದ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿಸಿ, 1990ರಲ್ಲಿ ತೀರಿಕೊಂಡರು. ಪೆನ್ಸಿಲ್ಲು, ಶಾಯಿಯಿಂದ ಎಳೆದ ಅವರ ಸಣ್ಣ ಸಣ್ಣ ಗೆರೆಗಳ ಚಿತ್ರಗಳು ಪ್ರಸಿದ್ಧ. ಅವರು ಫೋಟೋಗಳನ್ನೂ ತೆಗೆಯುತ್ತಿದ್ದರು: ರಸ್ತೆಯ ಗೆರೆ, ಅಂಗಳದ ಕಲ್ಲುಹಾಸು, ಮಗ್ಗದ ನೂಲು, ನೀರು, ನೆರಳು. ಬದುಕಿದ್ದಾಗ ಆ ಫೋಟೋಗಳನ್ನು ಪ್ರದರ್ಶನಕ್ಕೆ ಇಡಲಿಲ್ಲ. ತಮಗೋಸ್ಕರ, ಕಣ್ಣು ಪಳಗಿಸಿಕೊಳ್ಳುವುದಕ್ಕೆ ತೆಗೆದರೋ ಏನೋ ಅಂತ ನನಗೆ ಅನ್ನಿಸುತ್ತದೆ.

ಅವರ ಚಿತ್ರ ನೋಡಿದ ಮೇಲೆ ನಾನೂ ಗೆರೆ ಹುಡುಕುತ್ತಾ ಹೊರಟೆ. ಐದನೆಯ ಚಿತ್ರ ನೋಡಿ. ಇದನ್ನು ತೆಗೆದದ್ದು 2024ರ ಏಪ್ರಿಲ್‌ನಲ್ಲಿ. ಗೆಳತಿಯೊಬ್ಬಳು ಜಿರಾಫೆಯ ಚರ್ಮ ಅಂದಳು. ಇನ್ನೊಬ್ಬ ಆಮೆ ಚಿಪ್ಪು ಅಂದ. ಮೇಷ್ಟ್ರು ‘ಗೆರೆಗಳ ಜೋಡಣೆ ಚೆನ್ನಾಗಿದೆ’ ಅಂದರು. ನನಗೂ ಹೆಮ್ಮೆಯಾಯಿತು. ಸಂಜೆ ಅಪ್ಪನಿಗೆ ತೋರಿಸಿದೆ. ಅಪ್ಪ ಒಂದೇ ಸಲ ನೋಡಿ ಕೇಳಿದರು:

‘ಇದು ಕೆರೆ ತೂಬಿನ ಹತ್ರ ಅಲ್ವಾ?’

ನನಗೆ ಆಶ್ಚರ್ಯ. ‘ಹೇಗೆ ಗೊತ್ತಾಯ್ತಪ್ಪ?’ ಅಂದೆ.

‘ಅಗಲವಾಗಿ ಬಿರಿದಿರೋ ಕಡೆ ಗೋಡುಮಣ್ಣು. ಈ ಮೂಲೇಲಿ ಬಿರುಕು ಸಣ್ಣ ಇದೆ, ಅಲ್ಲಿ ಮರಳು ಸೇರಿದೆ. ಅಂಥ ಜಾಗ ತೂಬಿನ ಹತ್ರನೇ ಇರೋದು. ಇಷ್ಟು ಆಳಕ್ಕೆ ಬಿರಿದಿದೆ ಅಂದ್ರೆ ನೀರು ಆರಿ ಎರಡು ತಿಂಗಳ ಮೇಲಾಯ್ತು,’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚೆನ್ನಾಗಿ ತೆಗ್ದಿದ್ದೀಯ. ಆದ್ರೆ ಇದನ್ನ ನೋಡೋಕೆ ಆಗಲ್ಲ ಕಣಮ್ಮ,’ ಅಂತ ಮೊಬೈಲ್ ವಾಪಸ್ ಕೊಟ್ಟರು.

2023ರಲ್ಲಿ ಮಳೆ ಕೈಕೊಟ್ಟದ್ದು ನಿಮಗೆಲ್ಲ ನೆನಪಿದೆ. ಆ ವರ್ಷ ಸರ್ಕಾರ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. ನಮ್ಮ ಕೊಳವೆಬಾವಿ ಫೆಬ್ರವರಿಗೇ ನಿಂತುಹೋಯಿತು. ಎರಡು ಹಸು ಮಾರಿದೆವು. ಅಪ್ಪನ ಕಣ್ಣಿಗೆ ಆ ಚಿತ್ರದಲ್ಲಿ ಕಂಡದ್ದು ಇದೆಲ್ಲ.

ನನ್ನ ಮುಂದೆ ಬಂದ ಪ್ರಶ್ನೆ

ಇಲ್ಲಿಯ ತನಕ ನಾನು ಅಂದುಕೊಂಡಿದ್ದು ಏನೆಂದರೆ, ಹೆಸರು ತೆಗೆದುಬಿಟ್ಟರೆ ಚಿತ್ರ ಅಮೂರ್ತ ಆಗುತ್ತದೆ ಅಂತ. ಈಗ ಗೊತ್ತಾಯಿತು, ಅಮೂರ್ತ ಅನ್ನುವುದು ಚಿತ್ರದಲ್ಲಿ ಮಾತ್ರ ಇಲ್ಲ, ನೋಡುವವರಲ್ಲೂ ಇದೆ. ನಮಗೆ ಬರೀ ಗೆರೆಯಾದದ್ದು ಅಪ್ಪನಿಗೆ ಓದಬಹುದಾದ ಅಕ್ಷರ. ನಾವು ಹತ್ತಿ ಅಂದ ಮೋಡ ಅಜ್ಜಿಗೆ ಸುರಿಯದ ಮೋಡ. ಯಾರು ಒಂದು ವಸ್ತುವಿನ ಜೊತೆ ದಿನಾ ಬಾಳುತ್ತಾರೋ ಅವರಿಂದ ಅದರ ಹೆಸರನ್ನು ಮುಚ್ಚಿಡಲು ಆಗುವುದಿಲ್ಲ.

ಹಾಗಾದರೆ ಬತ್ತಿದ ಕೆರೆಯನ್ನು ‘ಗೆರೆಗಳ ಚಿತ್ರ’ ಅಂತ ತೋರಿಸುವುದು ಸರಿಯೇ? ಕಷ್ಟವನ್ನು ಚಂದ ಮಾಡಿ ತೋರಿಸಿದ ಹಾಗಾಗುವುದಿಲ್ಲವೇ? ನಾನು ಬಹಳ ಯೋಚನೆ ಮಾಡಿದೆ. ಚಿತ್ರವನ್ನು ಹಾಕುವುದೇ ಬೇಡ ಅಂತಲೂ ಅನ್ನಿಸಿತು. ಆದರೆ ‘ಕೆರೆ ಒಣಗಿದೆ’ ಅಂತ ಮೊದಲೇ ಬರೆದಿದ್ದರೆ ನೀವು ‘ಅಯ್ಯೋ ಪಾಪ’ ಅಂದು ಮುಂದೆ ಹೋಗುತ್ತಿದ್ದಿರಿ. ನಾವು ಆ ಏರಿ ಮೇಲೆ ದಿನಾ ಓಡಾಡಿದವರೇ, ಆದರೂ ಬಿರುಕನ್ನು ಯಾರೂ ನಿಂತು ನೋಡಿರಲಿಲ್ಲ. ಹೆಸರಿಲ್ಲದ್ದರಿಂದಲೇ ನೀವೆಲ್ಲ ಅದರ ಮುಂದೆ ಅಷ್ಟು ಹೊತ್ತು ನಿಂತಿರಿ. ಅಗಲದ ಬಿರುಕು ಯಾವುದು, ಸಣ್ಣದು ಯಾವುದು ಅಂತ ನೋಡಿದಿರಿ. ನೋಡಿದ ಮೇಲೆ ಹೆಸರು ತಿಳಿಯಬೇಕು, ತಿಳಿಯದೆ ಇರಬಾರದು.

ಆದ್ದರಿಂದ ನಾನು ಒಂದು ದಾರಿ ಮಾಡಿದ್ದೇನೆ. ಪ್ರತಿ ಚಿತ್ರದ ಕೆಳಗೆ ಮಡಚಿದ ಸಣ್ಣ ಕಾಗದ ಅಂಟಿಸಿದ್ದೇನೆ. ಮೊದಲು ಚಿತ್ರ ನೋಡಿ. ನಿಮಗೆ ಏನನ್ನಿಸಿತು ಅಂತ ಮನಸ್ಸಿನಲ್ಲಿ ಹೇಳಿಕೊಳ್ಳಿ. ಆಮೇಲೆ ಕಾಗದ ಎತ್ತಿ ಓದಿ. ವಸ್ತು ಯಾವುದು, ಜಾಗ ಯಾವುದು, ತಾರೀಕು ಎಷ್ಟು, ಯಾವ ಕಲಾವಿದರ ಉಪಾಯ ಎಲ್ಲವೂ ಅದರಲ್ಲಿದೆ. ಐದನೆಯ ಚಿತ್ರದ ಕೆಳಗೆ ಅಪ್ಪ ಹೇಳಿದ ಮಾತನ್ನೂ ಅವರನ್ನು ಕೇಳಿಯೇ ಬರೆದಿದ್ದೇನೆ.

ಬೇರೆಯವರನ್ನು ನೋಡಿ ಮಾಡಿದರೆ ನಕಲಲ್ಲವೇ?

ಈ ಮಾತನ್ನು ಕೆಲವರು ಕೇಳಿದ್ದಾರೆ. ಒಂದನೇ ತರಗತಿಯಲ್ಲಿ ನಾವೆಲ್ಲ ಮೇಷ್ಟ್ರು ಬರೆದುಕೊಟ್ಟ ಅಕ್ಷರದ ಮೇಲೆ ತಿದ್ದಿದೆವು. ಈಗ ನಾವು ಬರೆಯುವ ಪತ್ರ ಮೇಷ್ಟ್ರದ್ದು ಅಂತ ಯಾರಾದರೂ ಹೇಳುತ್ತಾರೆಯೇ? ಕೈ ತಿರುಗುವವರೆಗೆ ತಿದ್ದಬೇಕು. ಸ್ಟ್ರ್ಯಾಂಡನ ನೆರಳು ನಮ್ಮ ಗಾರೆ ನೆಲದ ಮೇಲೆ ಬಿದ್ದಾಗ ಬೇರೆಯೇ ಆಗುತ್ತದೆ. ಆದರೆ ಯಾರಿಂದ ಕಲಿತೆವು ಅನ್ನುವುದನ್ನು ಹೇಳಲೇಬೇಕು. ಹೇಳದೆ ಇದ್ದರೆ ಅದು ನಕಲು.

ನೀವೂ ಮಾಡಿ ನೋಡಿ

• ಮೊಬೈಲ್ ಶಾಲೆಗೆ ತರಬೇಡಿ. ಭಾನುವಾರ ಮನೆಯವರನ್ನು ಕೇಳಿ ಬಳಸಿ. ಮೊದಲು ಅದರ ಕಣ್ಣನ್ನು, ಅಂದರೆ ಲೆನ್ಸನ್ನು, ಹತ್ತಿ ಬಟ್ಟೆಯಿಂದ ಒರೆಸಿ.
• ಬೆಳಿಗ್ಗೆ ಎಂಟರ ಒಳಗೆ, ಸಂಜೆ ನಾಲ್ಕರ ಮೇಲೆ ನೆರಳು ಉದ್ದ. ಆಗ ತೆಗೆಯಿರಿ.
• ಒಂದೇ ವಸ್ತುವನ್ನು ಹತ್ತು ರೀತಿ ತೆಗೆದು, ಒಂದನ್ನು ಮಾತ್ರ ಇಟ್ಟುಕೊಳ್ಳಿ. ಆರಿಸುವುದೇ ಅರ್ಧ ಕೆಲಸ.
• ಸೂರ್ಯನ ಕಡೆ ನೇರ ನೋಡಬೇಡಿ. ಬಾವಿ ಕಟ್ಟೆ, ಕೆರೆ ಕೋಡಿಯ ಮೇಲೆ ಬಗ್ಗಿ ತೆಗೆಯಬೇಡಿ.
• ಬೇರೆಯವರ ಮನೆಯ ಗೋಡೆಯಾದರೆ ಕೇಳಿಯೇ ತೆಗೆಯಿರಿ.
• ತೆಗೆದ ಮೇಲೆ ಮನೆಯ ಹಿರಿಯರಿಗೆ ತೋರಿಸಿ. ನಿಮಗೆ ಕಾಣದ್ದು ಅವರಿಗೆ ಕಾಣುತ್ತದೆ.

ಮುಂದಿನ ತಿಂಗಳ ಸಂಚಿಕೆಗೆ ಯಾರು ಬೇಕಾದರೂ ಇಂಥ ಒಂದು ಚಿತ್ರ ಕೊಡಬಹುದು. ಫೋಟೋ ಇಲ್ಲದಿದ್ದರೆ ಅರಿಶಿನದ ಕಾಗದವಾದರೂ ಸರಿ. ಚಿತ್ರದ ಜೊತೆ ಮಡಚಿದ ಕಾಗದ ಮಾತ್ರ ಮರೆಯಬೇಡಿ. ತಿಂಗಳ 25ರ ಒಳಗೆ ಚಿತ್ರಕಲಾ ಮೇಷ್ಟ್ರ ಮೇಜಿನ ಮೇಲಿರುವ ಡಬ್ಬಕ್ಕೆ ಹಾಕಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ